ಅಜ್ಜಿ ಮಾರಿಗೆ ಇಸ್ತ್ರಿ ಮಾಡಿಸಬ್ಯಾಡ್ರಿ

ಅಕ್ಕಾರ, ವೈನ್ಯಾರ, ಮಾವಶ್ಯಾರ, ನಮ್ಮ ಓಣಿಯ ಗೆಳತ್ಯಾರ, ಉಪ್ಪಿನಕಾಯಿ, ಸಂಡಿಗಿ, ಹಳೇ ಸೀರಿ ಕೌದಿ ಬಗ್ಗೆ ಬರದಾಗೆಲ್ಲಾ ನೀವು 'ಛಲೋ ಬರದಿ' ಅಂದೀರಿ. ಈ ಸಲ ಹಂಗ ಅನ್ನಲಿಕ್ಕಿಲ್ಲ. ಯಾಕಂದ್ರ ಇದು ಜಗಳದ ಬರಹ. ಜಗಳ ಯಾರ ಜೋಡಿ ಅಂದ್ರ, ಫೋಟೋ ಅಂಗಡಿಯವರ ಜೋಡಿ ಚೂರು, ಮೊಬೈಲ್ ಜೋಡಿ ಚೂರು, ಉಳಿದದ್ದೆಲ್ಲಾ ನಮ್ಮ ನಮ್ಮ ಜೋಡಿನ.

ವಿಷಯ ಇಷ್ಟ. ಹಿರಿಯರ ಕಪ್ಪು-ಬಿಳುಪು ಫೋಟೋ ಟ್ರಂಕಿನಿಂದ ತಗದು, ಅಂಗಡಿಗೆ ಒಯ್ದು, ಕಂಪ್ಯೂಟರಿನಾಗ ಅವರ ತೊಗಲು 'ಸಾಫ್' ಮಾಡಿಸಿ, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಗ್ವಾಡಿಗೆ ಹಾಕೋದು ಈಗ ಮನಿಮನಿ ಪದ್ಧತಿ ಆಗ್ಯದ. ನಾನು ಹೇಳೋದು: ಈ ಪದ್ಧತಿ ತಪ್ಪು. ಹರದದ್ದನ್ನ ಕೂಡಿಸೋದು ತಪ್ಪಲ್ಲ, ಧೂಳು ಒರಸೋದು ತಪ್ಪಲ್ಲ. ಹಿರೇ ಮನುಷ್ಯಾಳ ಮಾರಿ ಮ್ಯಾಲಿನ ಸುಕ್ಕು, ಕಲಿ, ಮಚ್ಚಿ, ಹಚ್ಚಿ ಅಳಿಸೋದು ತಪ್ಪು. ಅದು ಚಂದ ಮಾಡೋ ಕೆಲಸ ಅಲ್ಲ, ಆಕಿ ಇದ್ಲು ಅನ್ನೋ ಸಾಕ್ಷಿನ ಅಳಿಸೋ ಕೆಲಸ.

'ಅಷ್ಟ್ಯಾಕ ದೊಡ್ಡ ಮಾತು, ಒಂದು ಫೋಟೋದ ಸಲುವಾಗಿ?' ಅಂತೀರಿ. ಸ್ವಲ್ಪ ತಡೀರಿ, ಹೇಳ್ತೀನಿ.

ನಮ್ಮವ್ವನ ಸ್ವಾದರತ್ತಿ ಒಬ್ಬಾಕಿ ಇದ್ಲು. ಸಣ್ಣಾಕಿ ಇದ್ದಾಗ ಮೈಲಿ ಬ್ಯಾನಿ ಬಂದು ಬದುಕಿ ಉಳದಾಕಿ. ಎರಡೂ ಗಲ್ಲದ ಮ್ಯಾಲ, ಮೂಗಿನ ತುದಿಗೆ ಮೈಲಿ ಕಲಿ. ಗದ್ದದ ಮ್ಯಾಲ ಮೂರು ಹಸರು ಚುಕ್ಕಿ ಹಚ್ಚಿ. ಆಕಿದು ಇರೋದು ಒಂದ ಫೋಟೋ, ಯಾವುದೋ ಮದಿವ್ಯಾಗ ತಗದದ್ದು, ಕಪ್ಪು-ಬಿಳುಪಿಂದು. ಸಂಬಂಧಿಕರೊಬ್ಬರು ಅದನ್ನ ಅಂಗಡಿಯೊಳಗ ಕೊಟ್ಟು ದೊಡ್ಡದು ಮಾಡಿಸಿ ಎಲ್ಲಾರ ಮನಿಗೂ ಒಂದೊಂದು ಹಂಚಿದ್ರು. ಪಾಪ, ಪ್ರೀತಿಲೆ ಹಂಚಿದ್ರು. ಆ ಫೋಟೋದಾಗ ಮೈಲಿ ಕಲಿ ಒಂದೂ ಇಲ್ಲ. ಗದ್ದದ ಹಚ್ಚಿ ಇಲ್ಲ. ಹಣಿ ಮ್ಯಾಲಿನ ನಿರಿಗಿ ಇಲ್ಲ. ಕುಂಕುಮ ಒಂದು ಉಳದದ, ಅದೂ ದೊಡ್ಡದಿತ್ತು ಅಂತ ಉಳದದ. ನಮ್ಮವ್ವ ಭಾಳ ಹೊತ್ತು ನೋಡಿದ್ಲು. 'ಸೀರಿ ಅತ್ತೀದ ಅದ, ಮಾರಿ ಯಾರದು?' ಅಂದ್ಲು.

ಈಗ ಲೆಕ್ಕ ಮಾಡಿ ನೋಡ್ರಿ, ಏನು ಹೋತು ಅಂತ. ಸಿಡುಬು, ನಮ್ಮ ಕಡೆ ಮೈಲಿ ಅಂತಿದ್ರು, ಮನಿಮನಿ ಮಕ್ಕಳನ್ನ ನುಂಗಿದ ಬ್ಯಾನಿ. ನಮ್ಮ ದೇಶದಾಗ ಕಡೇ ಪ್ರಕರಣ ಕಂಡದ್ದು 1975ರಾಗ. 1977ರಾಗ ಭಾರತ ಸಿಡುಬಿನಿಂದ ಮುಕ್ತ ಆತು ಅಂತ ಸಾರಿದ್ರು. 1980ರಾಗ ಇಡೀ ಜಗತ್ತಿನಿಂದನ ಹೋತು ಅಂತ ವಿಶ್ವ ಆರೋಗ್ಯ ಸಂಸ್ಥೆ ಘೋಷಣಾ ಮಾಡ್ತು. ಇವತ್ತಿನ ನಮ್ಮ ಹುಡುಗರಿಗೆ ಸಿಡುಬು ಅಂದ್ರೇನು ಅಂತ ತೋರಿಸಲಿಕ್ಕೆ ಮನ್ಯಾಗ ಏನದ? ಆ ಅತ್ತಿ ಗಲ್ಲ ಒಂದ ಇತ್ತು. ಮೈಲಿ ಬಂದಾಗ ಎಷ್ಟೋ ಮಕ್ಕಳು ಹೋದ್ರು, ಆಕಿ ಉಳದ್ಲು. ಆ ಕಲಿ ಅಂದ್ರ ಆಕಿ ಗೆದ್ದ ಗುರುತು. ನಾವು ಅದನ್ನ ಮೊಡವಿ ಅಂತ ತಿಳದು ಒರಸಿ ಹಾಕಿದ್ವಿ.

ಹಚ್ಚಿ ಮಾತೂ ಹಂಗ. ನಮ್ಮ ಉತ್ತರ ಕರ್ನಾಟಕದ ಹಳ್ಯಾಗ ಮುದುಕ್ಯಾರ ಹಣಿ ಮ್ಯಾಲ, ಗದ್ದದ ಮ್ಯಾಲ, ಮುಂಗೈ ಮ್ಯಾಲ ಹಚ್ಚಿ ಇರ್ತಿತ್ತು. ಬಂಗಾರ, ಬೆಳ್ಳಿ ಸತ್ತಾಗ ಬಿಚ್ಚಿ ಇಡ್ತಾರ, ಹಚ್ಚಿ ಒಂದ ಜೋಡಿಗೆ ಬರೋದು ಅಂತ ಹಿರಿಯರು ಅಂತಿದ್ರು. ಸತ್ತ ಮ್ಯಾಲೂ ಜೋಡಿಗೆ ಬರೋ ವಸ್ತುನ ಅಂಗಡಿ ಹುಡುಗ ಒಂದು ಕ್ಲಿಕ್ಕಿನಾಗ ಕಸಗೊಂಡ.

ಆ ಹುಡುಗನ್ನ ಬೈಯಲಿಕ್ಕೆ ನನಗ ಮನಸಿಲ್ಲ. ಅವನ ಕೈಯಾಗಿನ ಸಾಮಾನಿಗೆ ಕಲಿ ಯಾವುದು, ಹಚ್ಚಿ ಯಾವುದು, ಕಾಗದಕ್ಕ ಬಂದ ಬೂಷ್ಟು ಯಾವುದು ಗೊತ್ತಾಗಂಗಿಲ್ಲ. ಅದಕ್ಕ ಎಲ್ಲಾ ಒಂದ: ಬೆಳ್ಳಗಿನ ಜಾಗದಾಗ ಸಣ್ಣ ಕರೇ ಚುಕ್ಕಿ. ಅದು ಹೆಂಗ ಕೆಲಸ ಮಾಡ್ತದ ಅಂತ ತಿಳಕೊಂಡ್ರ ನಿಮಗ ಅಂಗಡಿಯೊಳಗ ವಾದ ಮಾಡಲಿಕ್ಕೆ ಅನುಕೂಲ ಆಗ್ತದ. ಅಡಗಿ ಮನಿ ಭಾಷಾದಾಗ ಹೇಳ್ತೀನಿ.

ಫೋಟೋಶಾಪ್ ಅನ್ನೋ ಸಾಫ್ಟ್‌ವೇರ್ ಹೊರಗ ಬಂದದ್ದು 1990ರಾಗ. ಮೊದಲು ಅದರಾಗ 'ಕ್ಲೋನ್ ಸ್ಟ್ಯಾಂಪ್' ಅಂತ ಇತ್ತು. ಅಂದ್ರ ಛಲೋ ಇದ್ದ ಜಾಗದ ತೊಗಲು ತಗದು ಕಲಿ ಇದ್ದಲ್ಲೆ ಹಚ್ಚೋದು, ಹರದ ಸೀರಿಗೆ ಅದ ಸೀರಿ ಸೆರಗಿನ ತುಂಡು ಹಚ್ಚಿದಂಗ. 2002ರಾಗ 'ಹೀಲಿಂಗ್ ಬ್ರಶ್' ಬಂತು. ಅದು ತ್ಯಾಪಿ ಹಚ್ಚಿ ಸುಮ್ಮನ ಇರಂಗಿಲ್ಲ, ಸುತ್ತಲಿನ ಬಣ್ಣಕ್ಕ ಕೂಡಿಸಿ ಹೊಲಿಗಿ ಕಾಣದಂಗ ಮಾಡ್ತದ. ಇವೆರಡೂ ಕೈಲೆ ಮಾಡೋ ಕೆಲಸ. ಒಂದೊಂದು ಜಾಗ ನೋಡಿ, ವಿಚಾರ ಮಾಡಿ, ಅಲ್ಲಿಷ್ಟ ಮುಟ್ಟೋದು.

ಇನ್ನೊಂದು ಪದ್ಧತಿ ಅದ, 'ಫ್ರೀಕ್ವೆನ್ಸಿ ಸೆಪರೇಶನ್' ಅಂತಾರ. ಹೆಸರು ದೊಡ್ಡದು, ಕೆಲಸ ಜರಡಿ ಹಿಡಿಯೋದು. ಗೋದಿ ಹಿಟ್ಟು ಸೋಸಿದ್ರ ನುಣ್ಣಗಿನ ಹಿಟ್ಟು ಕೆಳಗ ಬೀಳ್ತದ, ತೌಡು ಮ್ಯಾಲ ಉಳೀತದ, ಹೌದಲ್ಲೋ? ಹಂಗ ಮಾರಿಯ ದೊಡ್ಡ ದೊಡ್ಡ ನೆರಳು-ಬೆಳಕು ಒಂದು ಪದರಿನಾಗ, ತೊಗಲಿನ ಸಣ್ಣ ಸಣ್ಣ ರಂಧ್ರ, ಗೀರು, ಕೂದಲು ಇನ್ನೊಂದು ಪದರಿನಾಗ ಬ್ಯಾರೆ ಮಾಡ್ತಾರ. ಬಲ್ಲವರು ಇದ್ರ ನೆರಳಿನ ಪದರು ಚೂರು ಸಮ ಮಾಡಿ, ತೊಗಲಿನ ಪದರು ಹಂಗ ಬಿಡ್ತಾರ. ಅವಸರದವರು ತೊಗಲಿನ ಪದರಿಗೇ ಕೈ ಹಾಕ್ತಾರ. ಅವರಿಗಿಂತ ಅವಸರದವರು ಇದ್ಯಾವುದೂ ಮಾಡಂಗಿಲ್ಲ, ಇಡೀ ಮಾರಿಗೆ 'ಬ್ಲರ್' ಹೊಡೀತಾರ, ಇಲ್ಲಾಂದ್ರ 'ಸ್ಕಿನ್ ಸ್ಮೂದ್' ಅಂತ ಇರೋ ಒಂದು ಗುಂಡಿನ ಬಲಕ್ಕ ಜಗ್ಗತಾರ. ಒಂದ ನಿಮಿಷದ ಕೆಲಸ. ತೌಡೆಲ್ಲಾ ಹೋತು, ಉಳದದ್ದು ಮೈದಾ.

ಈಗ ಕಪ್ಪು-ಬಿಳುಪು ಫೋಟೋಕ್ಕ ಇದು ಯಾಕ ಭಾಳ ಕೆಟ್ಟದ್ದು ಅಂತ ಕೇಳ್ರಿ. ಬಣ್ಣದ ಫೋಟೋದಾಗ ತೊಗಲು ನುಣ್ಣಗಾದ್ರೂ ತುಟಿ ಕೆಂಪು, ಕಣ್ಣು ಕಂದು, ಗಲ್ಲದ ಮ್ಯಾಲ ಒಂದಿಷ್ಟು ರಂಗು ಅಂತ ಹಿಡಕೊಳ್ಳಲಿಕ್ಕೆ ಏನರ ಇರ್ತದ. ಕಪ್ಪು-ಬಿಳುಪಿನಾಗ ಬಣ್ಣನ ಇಲ್ಲ. ಅಲ್ಲಿರೋದು ಎರಡ: ಬೆಳಕು-ನೆರಳು ಒಂದು, ತೊಗಲಿನ ಗೀರು-ರಂಧ್ರ ಇನ್ನೊಂದು. ಎರಡು ಕಾಲಿನ ಮ್ಯಾಲ ನಿಂತ ಚಿತ್ರ ಅದು. ಅದರಾಗ ಒಂದು ಕಾಲು ಮುರದ್ರ ಏನು ಉಳೀತದ? ಬೊಂಬಿ. ಅದಕ್ಕ ನಮ್ಮ ಗ್ವಾಡಿ ಮ್ಯಾಲಿನ ಮುತ್ತಜ್ಜಿಯಂದಿರು ಎಲ್ಲಾರೂ ಅಕ್ಕತಂಗ್ಯಾರ ಹಂಗ ಕಾಣ್ತಾರ, ಬ್ಯಾರೆ ಬ್ಯಾರೆ ಮನಿತನದಾಗ ಹುಟ್ಟಿದ್ರೂ.

ಇನ್ನೊಂದು ಸೂಕ್ಷ್ಮ ಅದ. ಹಳೇ ಫಿಲ್ಮಿನ ಫೋಟೋಕ್ಕ ತನ್ನದ ಒಂದು ರವಾ ಇರ್ತದ, ಸಣ್ಣ ರವಾ ಉದುರಿಸಿದಂಗ. ಫೋಟೋದವರು ಅದಕ್ಕ 'ಗ್ರೇನ್' ಅಂತಾರ. ಅದು ಸೀರಿ ಮ್ಯಾಲೂ ಇರ್ತದ, ಹಿಂದಿನ ಪರದೆ ಮ್ಯಾಲೂ ಇರ್ತದ, ಮಾರಿ ಮ್ಯಾಲೂ ಇರ್ತದ. ಮಾರಿ ಅಷ್ಟ ಸಾಫ್ ಮಾಡಿದ್ರ ಸೀರಿ ಮ್ಯಾಲ ರವಾ, ಮಾರಿ ಮ್ಯಾಲ ಗಾಜು. ಯಾರದೋ ತಲಿ ಯಾರದೋ ಮೈಗೆ ಅಂಟಿಸಿದಂಗ ಕಾಣ್ತದ. ಕೈಯಂತೂ ಯಾರೂ ಮುಟ್ಟಂಗಿಲ್ಲ. ಮನಿಗೆ ಹೋಗಿ ನಿಮ್ಮ ಫೋಟೋ ನೋಡ್ರಿ: ಮಾರಿ ಇಪ್ಪತ್ತರದು, ತೊಡಿ ಮ್ಯಾಲ ಇಟ್ಟ ಕೈ ಎಪ್ಪತ್ತರದು.

ಇಲ್ಲೆ ಒಬ್ಬರು ಎದ್ದು ಕೇಳ್ತಾರ ಅಂತ ನನಗ ಗೊತ್ತದ: 'ಹಿಂದಿನ ಕಾಲದ ಸ್ಟುಡಿಯೋದವರೂ ತಿದ್ದತಿದ್ರಲ್ಲ? ಅವರು ಮಾಡಿದ್ರ ಕಲಾ, ಇವರು ಮಾಡಿದ್ರ ಪಾಪ?'

ಕೇಳೋದು ಖರೆ ಅದ. ತಿದ್ದತಿದ್ರು. 1850ರ ದಶಕದಿಂದನ ಯುರೋಪಿನಾಗ ನೆಗೆಟಿವ್ ತಿದ್ದೋದು ಇತ್ತು, ಆಮ್ಯಾಲ ನಮ್ಮ ದೇಶದ ಸ್ಟುಡಿಯೋಗಳಿಗೂ ಬಂತು. ಗಾಜಿನ ನೆಗೆಟಿವ್ ಇಲ್ಲಾ ದೊಡ್ಡ ಫಿಲ್ಮು ಒಂದು ಓರೆ ಹಲಗಿ ಮ್ಯಾಲ ಇಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಸೂಜಿಯಂಗ ಚೂಪು ಮಾಡಿದ ಪೆನ್ಸಿಲ್‌ಲೆ ಚುಕ್ಕಿ ಚುಕ್ಕಿ ಇಡ್ತಿದ್ರು. ನೆಗೆಟಿವ್‌ನಾಗ ಎಲ್ಲಾ ಉಲ್ಟಾ ಅಲ್ಲೋ? ಫೋಟೋದಾಗ ಕಪ್ಪಗ ಕಾಣೋ ಸುಕ್ಕು ನೆಗೆಟಿವ್‌ನಾಗ ತಿಳಿಯಾಗಿ ಇರ್ತದ. ಆ ತಿಳಿ ಗೆರಿ ಮ್ಯಾಲ ಪೆನ್ಸಿಲ್ ತುಂಬಿದ್ರ ಅಲ್ಲೆ ಬೆಳಕು ಕಡಿಮಿ ಹಾಯ್ತದ, ಫೋಟೋದಾಗ ಸುಕ್ಕು ಹಗುರ ಆಗ್ತದ. ಕಪ್ಪು ಮಾಡಬೇಕಂದ್ರ ಸಣ್ಣ ಚೂರಿಲೆ ಕೆರೀಬೇಕು. ಹದ ತಪ್ಪಿದ್ರ ನೆಗೆಟಿವ್ ಹಾಳು.

ಅವರೂ ಎಷ್ಟೋ ಸಲ ಅತಿ ಮಾಡ್ಯಾರ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಫರಕ ನೋಡ್ರಿ. ಒಂದೊಂದು ಸುಕ್ಕಿಗೂ ಅವರು ಕಣ್ಣಿಟ್ಟು ನೋಡಬೇಕಿತ್ತು. ಎದುರಿಗೆ ಕೂತಾಕಿ ಜೀವಂತ ಇದ್ಲು. ಫೋಟೋ ಒಯ್ಯಲಿಕ್ಕೆ ಬಂದಾಗ 'ಇದು ನಾ ಅಲ್ಲ' ಅನ್ನೋ ಬಾಯಿ ಆಕಿಗಿತ್ತು. ಈಗ ಹಂಗಿಲ್ಲ. ಯಾರೂ ನೋಡದ, ಯಾರನ್ನೂ ಕೇಳದ, ಒಂದು ಗುಂಡು ಜಗ್ಗಿ ಇಡೀ ಮಾರಿ ಒಂದ ಸಲಕ್ಕ. ಪೆನ್ಸಿಲ್‌ನವರು ಅಕ್ಕಿಯೊಳಗಿನ ಹಳ್ಳು ಆರಿಸ್ತಿದ್ರು, ಇವರು ಅಕ್ಕಿನೂ ಚೆಲ್ಲತಾರ.

ಇನ್ನ, ತಿದ್ದದ ಬಿಟ್ಟವರೂ ಆ ಕಾಲದಾಗ ಇದ್ರು. ಜೂಲಿಯಾ ಮಾರ್ಗರೆಟ್ ಕ್ಯಾಮರೂನ್ ಅಂತ ಒಬ್ಬಾಕಿ. 1815ರಾಗ ಹುಟ್ಟಿದ್ದು ನಮ್ಮ ಕಲಕತ್ತಾದಾಗ, ಕ್ಯಾಮೆರಾ ಹಿಡದದ್ದು ಇಂಗ್ಲೆಂಡಿನಾಗ, ಅದೂ 48 ವಯಸ್ಸಿನಾಗ, ಮಕ್ಕಳು ದೊಡ್ಡವರಾದ ಮ್ಯಾಲ. ನಮ್ಮಂಥಾಕಿನ ಅನ್ನರಿ. ತಿದ್ದೋದು ಆಕಿಗೆ ಸೇರ್ತಿರಲಿಲ್ಲ. ಗಾಜಿನ ಮ್ಯಾಲ ಗೀರು ಬಿದ್ದಾವ, ಚಿತ್ರ ಮಸುಕು ಅದ ಅಂತ ಆಗಿನ ಗಂಡಸರು ಆಡಿಕೊಂಡ್ರು. ಆಕಿ 1867ರಾಗ ತಗದ ಖಗೋಳ ಶಾಸ್ತ್ರಜ್ಞ ಜಾನ್ ಹರ್ಶೆಲ್ ಅವರ ಫೋಟೋ ಇವತ್ತಿಗೂ ಜಗತ್ತಿನ ದೊಡ್ಡ ಮ್ಯೂಸಿಯಂಗಳೊಳಗ ಅದ. ಕೆದರಿದ ಬಿಳೇ ಕೂದಲು, ಒಣಗಿದ ಹೊಲದಂಗ ಸುಕ್ಕು, ಜೋಲು ಬಿದ್ದ ಕಣ್ಣಿನ ಕೆಳಗಿನ ತೊಗಲು. ಅದರಾಗಿನ ಒಂದು ಸುಕ್ಕು ತಗದ್ರೂ ಆ ಫೋಟೋ ಸತ್ತು ಹೋಗ್ತದ.

ಗಂಡಸಿನ ಸುಕ್ಕು ಅಂದಕೂಡಲೇ ಒಂದು ಮಾತು ನೆನಪಾತು. ನಮ್ಮ ಮನಿಗಳ ಗ್ವಾಡಿ ಮ್ಯಾಲ ಅಜ್ಜ-ಅಜ್ಜಿ ಜೋಡಿ ಫೋಟೋ ನೋಡ್ರಿ. ಅಜ್ಜನ ಸುಕ್ಕು ಇರ್ತಾವ. ಹಣಿ ಗೆರಿ ಇರ್ತಾವ. ಅದಕ್ಕ 'ಗತ್ತು' ಅಂತೀವಿ, 'ಅನುಭವ' ಅಂತೀವಿ. ಪಕ್ಕದಾಗ ಅಜ್ಜಿ ಗಲ್ಲ ಮಾತ್ರ ನುಣ್ಣಗ. ಅಜ್ಜನ ಅನುಭವ ಮಾರಿ ಮ್ಯಾಲ ಕಾಣಬೇಕು, ಅಜ್ಜಿ ಅನುಭವ ಕಾಣಬಾರದು? ಎಂಟು ಹಡದಾಕಿ ಆಕಿ, ಒಲಿ ಹೊಗಿಯೊಳಗ ಕಣ್ಣು ಕಿರಿದು ಮಾಡಿ ಮಾಡಿ ಕಣ್ಣಿನ ಮೂಲಿಗೆ ಗೆರಿ ಬಿದ್ದದ್ದು ಆಕೀಗೆ, ಬಿಸಿಲಾಗ ಹೊಲದ ಕಳೆ ತಗದು ಗಲ್ಲ ಕರ್ರಗಾದದ್ದು ಆಕೀದು. ಆ ಗೆರಿ ಅಳಿಸಿದ್ರ ಆಕಿ ಮಾಡಿದ ದುಡಿತನೂ ಅಳಿಸಿದಂಗ ಅಲ್ಲೋ? ಇದನ್ನ ಗಂಡಸರು ಮಾಡಿಸ್ಯಾರ ಅಂತ ಹೇಳೋ ಹಂಗಿಲ್ಲ. ಅಂಗಡಿಗೆ ಹೋಗಿ 'ಅತ್ತಿ ಮಾರಿ ಚೂರು ಚಂದ ಮಾಡ್ರಿ' ಅಂದವರು ನಾವ.

'ಚಂದ' ಅನ್ನೋದರಾಗ ಬಿಳುಪು ಅಡಗಿ ಕೂತದ, ಅದನ್ನೂ ಹೇಳಿಬಿಡ್ತೀನಿ. ಬಣ್ಣದ ಫೋಟೋ ಕಪ್ಪು-ಬಿಳುಪು ಮಾಡಬೇಕಾದ್ರ ಕಂಪ್ಯೂಟರಿನಾಗ ಕೆಂಪು, ಕೇಸರಿ, ಹಳದಿ, ಹಸರು, ನೀಲಿ ಅಂತ ಬ್ಯಾರೆ ಬ್ಯಾರೆ ಗುಂಡಿ ಇರ್ತಾವ. ಯಾವ ಬಣ್ಣ ಎಷ್ಟು ತಿಳಿ ಬೂದಿ ಆಗಬೇಕು, ಎಷ್ಟು ಗಾಢ ಬೂದಿ ಆಗಬೇಕು ಅಂತ ಅದರಿಂದ ಠರಾಯಿಸ್ತಾರ. ನಮ್ಮ ಕಂದು ತೊಗಲಿನಾಗ ಕೆಂಪು, ಕೇಸರಿ ಹೆಚ್ಚು. ಆ ಎರಡು ಗುಂಡಿ ಬಲಕ್ಕ ಸರಿಸಿದ್ರ ಸಾಕು, ಯಾವ ಕ್ರೀಮೂ ಬ್ಯಾಡ, ಮಾರಿ ಬೆಳ್ಳಗಾಗ್ತದ, ಕಲಿನೂ ಮರೀಗೆ ಹೋಗ್ತಾವ. ಎಡಕ್ಕ ಸರಿಸಿದ್ರ ಅದ ಮಾರಿ ಕಪ್ಪಗ, ಒಂದೊಂದು ಚುಕ್ಕಿನೂ ಎದ್ದು ಕಾಣ್ತದ. ಅಂದ್ರ ಕಪ್ಪು-ಬಿಳುಪು ಫೋಟೋದಾಗ ಹುಡುಗಿ ಬಣ್ಣ ಯಾವುದು ಅನ್ನೋದು ಹುಡುಗಿ ಕೈಯಾಗ ಇಲ್ಲ, ಗುಂಡಿ ಹಿಡದವನ ಕೈಯಾಗ ಅದ. ಅಂಗಡಿಯೊಳಗ ಇದಕ್ಕ 'ಬಿಳೀ ಮಾಡೋದು' ಅಂತ ಅನ್ನಂಗಿಲ್ಲ. 'ಬ್ರೈಟ್ ಮಾಡೋದು' ಅಂತಾರ. ಹೆಸರು ಬದಲಾದ್ರ ಬುದ್ಧಿ ಬದಲಾಗ್ತದೇನು? 1975ರಿಂದ ನಮ್ಮ ಮನಿ ಕನ್ನಡಿ ಮುಂದ ಕೂತಿದ್ದ 'ಫೇರ್ ಅಂಡ್ ಲವ್ಲಿ' 2020ರಾಗ 'ಗ್ಲೋ ಅಂಡ್ ಲವ್ಲಿ' ಆತು. ಟ್ಯೂಬಿನ ಮ್ಯಾಲಿನ ಅಕ್ಷರ ಬದಲಾದ್ವು. ಕನ್ಯಾ ನೋಡಲಿಕ್ಕೆ ಬಂದವರು ಕೇಳೋ ಪ್ರಶ್ನೆ ಬದಲಾಗ್ಯದೇನು, ನೀವ ಹೇಳ್ರಿ.

ಈಗಂತೂ ಕನ್ಯಾದ ಫೋಟೋ ಜೋಡಿ ಒಂದು ಕಪ್ಪು-ಬಿಳುಪಿಂದೂ ಕಳಸ್ತಾರ, 'ಕ್ಲಾಸಿಕ್' ಕಾಣ್ತದಂತ. ಕ್ಲಾಸಿಕ್ ಅನ್ನೋ ನೆವದಾಗ ತೊಗಲಿನ ಬಣ್ಣ ಮುಚ್ಚಿ ಹೋಗ್ತದ, ಮ್ಯಾಲೆ 'ಸ್ಮೂದ್' ಹೊಡದು ಬಿಟ್ರ ಮೊಡವಿ ಕಲಿನೂ ಹೋದ್ವು. ಹುಡುಗಿ ನೋಡಲಿಕ್ಕೆ ಬಂದವರು ಫೋಟೋ ಹುಡುಕ್ತಾರ, ಎದುರಿಗೆ ಕೂತಾಕಿನ್ನ ನೋಡಂಗಿಲ್ಲ. ಆ ಹೊತ್ತಿಗೆ ಹುಡುಗಿ ಮನಸ್ಸಿಗೆ ಏನಾಗ್ತದ? ಆಕಿ ತನ್ನ ಫೋಟೋದ ಮುಂದ ತಾನ ಸೋಲ್ತಾಳ. ಹಡದ ತಾಯಿ ಆಕಿ ಮಾರಿ ತಿದ್ದಿಸಿ ಕಳಿಸಿದ್ಲು ಅಂದ್ರ 'ನೀ ಇದ್ದಂಗ ಇದ್ರ ಸಾಲಂಗಿಲ್ಲ' ಅಂತ ಮೊದಲು ಹೇಳಿದಾಕಿ ತಾಯಿನ ಆದಂಗಾತು.

ನಾನು ಒಂದು ಮಾತು ಒಪ್ಪತೀನಿ. ಹಳೇ ಕಾಲದ ಎಷ್ಟೋ ಪ್ಲೇಟು, ಫಿಲ್ಮಿಗೆ ಕೆಂಪು ಬೆಳಕು ಕಾಣತಿರಲಿಲ್ಲ. ನೀಲಿ, ಹಸರು ಅಷ್ಟ ಕಾಣತಿತ್ತು. ಅದಕ್ಕ ಅಂಥ ಫೋಟೋದಾಗ ಕೆಂಪು ಕುಂಕುಮ ಕರ್ರಗ ಬರ್ತದ, ತುಟಿ ಕರ್ರಗ ಬರ್ತದ, ನಮ್ಮಂಥವರ ಕಂದು ತೊಗಲು ಇದ್ದದ್ದಕ್ಕಿಂತ ಗಾಢ ಬರ್ತದ, ಗಲ್ಲದ ಕಲಿ ಎದ್ದು ಕಾಣ್ತದ. ಅಂದ್ರ ಫಿಲ್ಮೂ ಪೂರ್ತಿ ಸತ್ಯ ಹೇಳಿಲ್ಲ. ಹಂಗಾಗಿ ಇಡೀ ಫೋಟೋ ಚೂರು ತಿಳಿ ಮಾಡಿದ್ರ ನನ್ನ ತಕರಾರು ಇಲ್ಲ. ಆದ್ರ ಇಡೀ ಫೋಟೋ! ಸೀರಿ, ಪರದೆ, ಖುರ್ಚಿ ಎಲ್ಲಾ ಕೂಡಿ ತಿಳಿ ಆಗಬೇಕು. ಮಾರಿ ಅಷ್ಟ ತೊಳದು ಬೆಳ್ಳಗ ಮಾಡೋದಕ್ಕ ಫಿಲ್ಮಿನ ನೆವ ಹೇಳಬ್ಯಾಡ್ರಿ.

ಇತ್ತೀಚಿಗೆ ಇದಕ್ಕಿಂತ ದೊಡ್ಡ ಗಂಡಾಂತರ ಬಂದದ. ಮೊಬೈಲಿನಾಗ ಹಳೇ ಫೋಟೋ ಹಾಕಿದ್ರ ಅರ್ಧ ನಿಮಿಷದಾಗ ಲಕಲಕ ಹೊಳೆಯೋ ಹಂಗ ಮಾಡಿಕೊಡೋ ಆ್ಯಪ್ ಬಂದಾವ. ಕೃತಕ ಬುದ್ಧಿ ಅಂತಾರ. ಮಸುಕಾದ ಕಣ್ಣಿಗೆ ರೆಪ್ಪಿ ಬರ್ತಾವ, ಮುಚ್ಚಿದ ಬಾಯಾಗ ಹಲ್ಲು ಕಾಣ್ತಾವ. ಎಲ್ಲಿಂದ ಬಂದ್ವು? ಫೋಟೋದಾಗಂತೂ ಇರಲಿಲ್ಲ. ಆ ಯಂತ್ರ ಲಕ್ಷಾಂತರ ಬ್ಯಾರೆ ಮಂದಿ ಮಾರಿ ನೋಡಿ ಕಲ್ತದ. ನಿಮ್ಮ ಅಜ್ಜಿ ಕಣ್ಣು ತಿಳೀದಿದ್ದಲ್ಲೆ ಅದು ಮಂದಿ ಕಣ್ಣಿನ ಅಂದಾಜು ತುಂಬ್ತದ. ಅಂದ್ರ ಅದು ಅಜ್ಜಿನ್ನ ಹೊಳಪು ಮಾಡಿದ್ದಲ್ಲ, ಅಜ್ಜಿ ಜಾಗದಾಗ ಇನ್ನೊಬ್ಬಾಕಿನ್ನ ಕೂಡಿಸಿದ್ದು. ಆ ಫೋಟೋ ಕುಟುಂಬದ ಗ್ರೂಪಿನಾಗ ಹಾಕ್ತೀವಿ, ಎಲ್ಲಾರೂ ಕೈ ಮುಗಿಯೋ ಚಿತ್ರ ಹಾಕ್ತಾರ, ಎರಡು ವರ್ಷಕ್ಕ ಅದ ಖರೆ ಫೋಟೋ ಆಗಿ ಬಿಡ್ತದ. ಮೂಲ ಫೋಟೋ ಗೆದ್ದಲಿ ತಿಂತದ.

'ಸತ್ತವರು ಚಂದ ಕಾಣಲಿ ಬಿಡು, ಅವರಿಗೂ ಹಂಗ ಇರಬೇಕು ಅಂತ ಆಸೆ ಇದ್ದಿದ್ದೀತು' ಅಂತೀರಿ. ಇದ್ದಿದ್ದೀತು. ಜೀವಂತ ಇದ್ದಾಕಿ 'ನನ್ನ ಫೋಟೋದಾಗಿನ ಮೊಡವಿ ತಗೀರಿ' ಅಂದ್ರ ತಗೀಲಿ, ಅದು ಆಕಿ ಮಾರಿ, ಆಕಿ ಇಚ್ಛಾ. ನಾಳೆ ಹೋಗೋ ಮೊಡವಿ ಇವತ್ತ ಫೋಟೋದಾಗಿಂದ ಹೋದ್ರ ಯಾರಿಗೂ ಮೋಸ ಇಲ್ಲ. ಆದ್ರ ಸತ್ತಾಕಿನ್ನ ಕೇಳಲಿಕ್ಕೆ ಬರಂಗಿಲ್ಲ. ಕೇಳಲಿಕ್ಕೆ ಬರದ ಇದ್ದಾಗ ಮುಟ್ಟಬಾರದು. ಆಕಿ ಟ್ರಂಕು ಕೇಳದ ತಗೀತಿದ್ವೇನು ನಾವು?

'ಇದರಿಂದ ಯಾರಿಗೆ ನಷ್ಟ?' ಅಂತಾರ ಕೆಲವರು. ಹುಟ್ಟೋ ಮಕ್ಕಳಿಗೆ ನಷ್ಟ. ನಿಮ್ಮ ಮೊಮ್ಮಗಳ ಮ್ಯಾಲ್ತುಟಿ ಮ್ಯಾಲ ಒಂದು ಮಚ್ಚಿ ಅದ ಅಂತ ತಿಳೀರಿ. ಸಾಲ್ಯಾಗ ಹುಡುಗ್ಯಾರು ನಗಾಡಿದ್ರು ಅಂತ ಅಳಕೋತ ಬರ್ತಾಳ. ಮುತ್ತಜ್ಜಿಗೂ ಅಲ್ಲೇ ಇತ್ತು ನೋಡು ಅಂತ ಗ್ವಾಡಿ ಕಡೆ ಕೈ ಮಾಡಿ ತೋರಿಸಿದ್ರ ಆ ಹುಡುಗಿ ತಲಿ ಎತ್ತಿ ನಡೀತಾಳ. ಅದನ್ನ ಅಳಿಸಿ ಇಟ್ರ ಏನು ತೋರಿಸ್ತೀರಿ?

ಹೊರಗಿನ ದೇಶದವರಿಗೂ ಈ ಚಿಂತಿ ಹತ್ತ್ಯದ. ಫ್ರಾನ್ಸಿನಾಗ 2017ರಿಂದ ಜಾಹೀರಾತಿನಾಗ ಮಾಡೆಲ್ ಮೈ ತೆಳ್ಳಗೋ ದಪ್ಪಗೋ ಕಾಣಸೋ ಹಂಗ ತಿದ್ದಿದ್ರ 'ತಿದ್ದಿದ ಫೋಟೋ' ಅಂತ ಬರೀಬೇಕು. ನಾರ್ವೆಯೊಳಗ 2022ರ ಜುಲೈದಿಂದ ಕಾಯಿದೆ ಇನ್ನೂ ಮುಂದ ಹೋಗ್ಯದ: ಜಾಹೀರಾತಿನಾಗ ಮೈ ಆಕಾರ, ಗಾತ್ರ ಅಷ್ಟ ಅಲ್ಲ, ತೊಗಲು ತಿದ್ದಿದ್ರೂ ಗುರುತು ಹಾಕಬೇಕು. ಸಾಬಾಣ ಮಾರೋ ಫೋಟೋಕ್ಕ ಇಷ್ಟು ಪ್ರಾಮಾಣಿಕತನ ಬೇಕಂದ್ರ ನಮ್ಮ ಹಿರಿಯರ ಫೋಟೋಕ್ಕ ಎಷ್ಟು ಬೇಕು?

ಸರಿ, ಬೈದದ್ದು ಸಾಕು. ಏನು ಮಾಡಬೇಕು ಅಂತ ಹೇಳ್ತೀನಿ. ಮೂರು ಬುಟ್ಟಿ ಇಟ್ಟುಕೋರಿ ಮನಸ್ಸಿನಾಗ.

ಮೊದಲನೇ ಬುಟ್ಟಿ, ಕಾಗದದ ಕಲಿ. ಮಡಚಿದ ಗೆರಿ, ಬೂಷ್ಟು, ನೀರಿನ ಕಲಿ, ಗೀರು, ಹುಳ ತಿಂದ ತೂತು. ಇವು ಅಜ್ಜೀವು ಅಲ್ಲ, ಟ್ರಂಕಿನವು. ಖುಷಿಲೆ ತಗಸ್ರಿ. ಎರಡನೇ ಬುಟ್ಟಿ, ಬಂದು ಹೋಗೋವು: ಮೊಡವಿ, ಸೊಳ್ಳಿ ಕಡದ ಗುಳ್ಳಿ, ಬೆವರಿನ ಹೊಳಪು. ಆ ಮನುಷ್ಯಾಳ ಮಾತಿನ ಮ್ಯಾಲ ಬಿಡ್ರಿ. ಮೂರನೇ ಬುಟ್ಟಿ, ಉಳಿಯೋವು: ಮಚ್ಚಿ, ಹಚ್ಚಿ, ಮೈಲಿ ಕಲಿ, ಸುಟ್ಟ ಗಾಯ, ಸುಕ್ಕು, ತೊಗಲಿನ ಬಣ್ಣ. ಇದಕ್ಕ ಕೈ ಹಚ್ಚಬಾರದು. ಕಾಗದದ ಕಲಿನೋ ಮಾರಿ ಕಲಿನೋ ಅಂತ ಸಂಶಯ ಬಂದ್ರ ಆ ಮನುಷ್ಯಾಳನ್ನ ಕಂಡ ಹಿರಿಯರು ಒಬ್ಬರರ ಇರ್ತಾರ, ಅವರನ್ನ ಕೇಳ್ರಿ. ಈಗಲೇ ಕೇಳ್ರಿ, ಅವರೂ ಹಣ್ಣಾಗ್ಯಾರ.

ಅಂಗಡಿಗೆ ಹೋದಾಗ 'ಚಂದ ಮಾಡ್ರಿ' ಅನ್ನಬ್ಯಾಡ್ರಿ. ಆ ಒಂದು ಶಬ್ದದಿಂದನ ಎಲ್ಲಾ ಕೆಡೋದು. 'ಕಾಗದದ ಕಲಿ ಅಷ್ಟ ತಗೀರಿ, ಮಾರಿಗೆ ಸ್ಮೂದ್ ಹೊಡೀಬ್ಯಾಡ್ರಿ, ಮಾರಿ ಬ್ರೈಟ್ ಮಾಡಬ್ಯಾಡ್ರಿ' ಅಂತ ಬಾಯಿ ಬಿಟ್ಟು ಹೇಳ್ರಿ, ಒಂದು ಚೀಟಿ ಮ್ಯಾಲ ಬರದೂ ಕೊಡ್ರಿ. ಪ್ರಿಂಟ್ ಹಾಕೋಕಿಂತ ಮೊದಲು ಕಂಪ್ಯೂಟರ್ ಮುಂದ ಕೂತು ಹಳೇದು, ಹೊಸದು ಮಗ್ಗಲಾ ಮಗ್ಗಲಿಗೆ ಇಟ್ಟು ನೋಡ್ರಿ. ಗಲ್ಲ ದೊಡ್ಡದು ಮಾಡಿ ನೋಡ್ರಿ. ಸೀರಿ ಮ್ಯಾಲಿದ್ದ ರವಾ ಗಲ್ಲದ ಮ್ಯಾಲೂ ಇದ್ರ ಛಲೋ ಕೆಲಸ, ಗಲ್ಲ ಗಾಜಿನಂಗ ಇದ್ರ ವಾಪಸ್ ಕೊಡ್ರಿ. ಕೈಲೆ ಕಾಗದದ ಕಲಿ ತಗಿಯೋದು ತಾಸುಗಟ್ಟಲೆ ಕೆಲಸ, ಅದಕ್ಕ ರೊಕ್ಕ ಹೆಚ್ಚು ಕೇಳಿದ್ರ ಕೊಡ್ರಿ. ಒಂದು ನಿಮಿಷದ ಗುಂಡಿಗೆ ಕೊಡಬ್ಯಾಡ್ರಿ.

ಸ್ಕ್ಯಾನ್ ಮಾಡಿಸಿದ್ರ ಇಂಚಿಗೆ 600 ಚುಕ್ಕಿಗೆ ಕಡಿಮಿ ಇಲ್ಲದಂಗ ಮಾಡಿಸ್ರಿ. ಏನೂ ತಿದ್ದದ ಆ ಸ್ಕ್ಯಾನನ್ನ 'ಮೂಲ' ಅಂತ ಹೆಸರು ಕೊಟ್ಟು ಬ್ಯಾರೆ ಇಡ್ರಿ, ತಿದ್ದಿದ್ದಕ್ಕ 'ತಿದ್ದಿದ್ದು' ಅಂತನ ಹೆಸರಿಡ್ರಿ. ಮೂಲ ಫೋಟೋಕ್ಕ ಲ್ಯಾಮಿನೇಶನ್ ಮಾತ್ರ ಯಾವ ಕಾಲಕ್ಕೂ ಮಾಡಿಸಬ್ಯಾಡ್ರಿ, ಒಮ್ಮೆ ಅಂಟಿದ್ದು ಬಿಡಂಗಿಲ್ಲ. ಹಿಂದ ಮೆತ್ತನ ಪೆನ್ಸಿಲ್‌ಲೆ ಹಗುರಾಗಿ ಬರೀರಿ: ಹೆಸರು, ಊರು, ಅಂದಾಜು ವರ್ಷ, ಮತ್ತ ಮಾರಿ ಮ್ಯಾಲಿನ ಗುರುತು ಎಲ್ಲಿಂದ ಬಂದದ್ದು ಅಂತ. ಬಾಲ್‌ಪೆನ್ ಬ್ಯಾಡ, ಒತ್ತಿದ ಗೆರಿ ಮುಂದಿನ ಮಗ್ಗಲಿಗೆ ಎದ್ದು ಕಾಣ್ತದ.

ಜ್ವಾಳದ ರೊಟ್ಟಿ ಬಡದು ಹಂಚಿನ ಮ್ಯಾಲ ಹಾಕೋ ಕೈ ನಮ್ಮವು. ಸುಟ್ಟ ಚುಕ್ಕಿ ಒಂದೂ ಇಲ್ಲದ ರೊಟ್ಟಿ ತಾಟಿಗೆ ಬಂದ್ರ ಹಸಿ ಅದ ಅಂತ ಸರಿಸ್ತೀವಿ. ಬೆಂದದ್ದಕ್ಕ ಚುಕ್ಕಿ ಇರ್ತದ ಅಂತ ಬಲ್ಲವರು ನಾವು, ಎಪ್ಪತ್ತು-ಎಂಬತ್ತು ವರ್ಷ ಸಂಸಾರದ ಹಂಚಿನ ಮ್ಯಾಲ ಬೆಂದಾಕಿ ಮಾರಿ ಮ್ಯಾಲ ಚುಕ್ಕಿ ಬ್ಯಾಡ ಅಂತೀವಲ್ಲ, ಇದು ಯಾವ ನ್ಯಾಯ?

ಒಪ್ಪದಿದ್ದವರು ಬರ್ರಿ, ಜಗಳ ಆಡೂಣು. ಬರೋವಾಗ ನಿಮ್ಮ ಅಜ್ಜಿ ಮೂಲ ಫೋಟೋ ತಗೊಂಡು ಬರ್ರಿ. ತಿದ್ದಿದ್ದು ಬ್ಯಾಡ.